ಡಬ್ಲಿನ್‌ನ ಹೆನ್ರಿಯೆಟ್ಟಾ ಬೀದಿ, 1911: ಅಷ್ಟು ಎತ್ತರದ ಸೂರಿದ್ದರೂ ಕ್ಷಯ ಯಾಕೆ ಬಂತು?

ವೀಣಾ_ಡಬ್ಲಿನ್:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಆದರೂ ದಯವಿಟ್ಟು ಪೂರ್ತಿ ಓದಿ.

ನಾನು ಡಬ್ಲಿನ್‌ಗೆ ಬಂದು ಆರು ವರ್ಷ ಆಯ್ತು. ಈಗ ನಮ್ಮತ್ತೆ ಚನ್ನರಾಯಪಟ್ಟಣದಿಂದ ಬಂದಿದ್ದಾರೆ. ಹೋದ ಶನಿವಾರ ಜಡಿಮಳೆ. ಹೊರಗೆ ಸುತ್ತೋಕಾಗಲ್ಲ ಅಂತ ಹೆನ್ರಿಯೆಟ್ಟಾ ಸ್ಟ್ರೀಟ್‌ನ 14ನೇ ನಂಬರ್ ಮನೆಗೆ ಕರೆದುಕೊಂಡು ಹೋದೆ. 2018ರಿಂದ ಅದು ಮ್ಯೂಸಿಯಂ. 1740ರ ದಶಕದಲ್ಲಿ ಒಂದೇ ಸಿರಿವಂತ ಕುಟುಂಬಕ್ಕೆ ಅಂತ ಕಟ್ಟಿದ ಬಂಗಲೆ ಅದು. 1911ರ ಜನಗಣತಿ ಹೊತ್ತಿಗೆ ಅದೇ ಮನೆಯಲ್ಲಿ 100 ಜನ ಇದ್ದರು. ಬೀದಿಯ 15 ಮನೆಗಳಲ್ಲಿ ಒಟ್ಟು 835 ಜನ. ನಮ್ಮ ಹಳೇ ಬೆಂಗಳೂರಿನ ವಠಾರ ನೆನಪಿಸಿಕೊಳ್ಳಿ, ಕೋಣೆಗೊಂದು ಸಂಸಾರ, ಎಲ್ಲರಿಗೂ ಸೇರಿ ಒಂದು ನಲ್ಲಿ. ಅದನ್ನೇ ಅರಮನೆಯಂಥ ಕಟ್ಟಡದೊಳಗೆ ತುರುಕಿದ ಹಾಗೆ.

ಒಳಗಿನ ಗೋಡೆಗಳಿಗೆ ಕೆಮ್ಮಣ್ಣಿನ ಕೆಂಪು ಮತ್ತೆ ಒಂದು ಗಾಢ ನೀಲಿ ಬಣ್ಣ ಬಳಿದಿದ್ದರು. ಗೈಡ್ ಹೇಳಿದರು, ಆ ನೀಲಿ ರೆಕಿಟ್ಸ್ ಬ್ಲೂ ಅಂತ. ನಮ್ಮತ್ತೆ ಗೋಡೆ ಹತ್ತಿರ ಹೋಗಿ ನೋಡಿ, "ಇದು ಬಿಳೀ ಬಟ್ಟೆಗೆ ಹಾಕೋ ನೀಲಿ ಅಲ್ವೇನೇ" ಅಂದರು. ನಿಜ, ಅದೇ ನೀಲಿ. ಆಮೇಲೆ ಮೇಲಿನ ಕೋಣೆಯಲ್ಲಿ ಕ್ಷಯದ ವಿಷಯ ಬಂತು. ಇಂಥ ಮನೆಗಳಲ್ಲಿ ಎಷ್ಟು ಜನ ಸತ್ತರು, ಒಂದೇ ಕೋಣೆಯಲ್ಲಿ ಅಮ್ಮ, ಆಮೇಲೆ ಮಗಳು, ಆಮೇಲೆ ಇನ್ನೊಬ್ಬಳು ಹೀಗೆ ಸಾಲಾಗಿ ಹೋದ ಸಂಸಾರಗಳು ಎಷ್ಟಿದ್ದವು ಅಂತ ಗೈಡ್ ಹೇಳುತ್ತಾ ಹೋದರು. ಅತ್ತೆ ಸೂರು ನೋಡಿದರು. ಎರಡಾಳಿಗಿಂತ ಎತ್ತರ ಇದೆ. ಕಿಟಕಿಗಳೂ ದೊಡ್ಡವು. "ಇಷ್ಟು ಗಾಳಿ ಬೆಳಕು ಇರೋ ಮನೇಲಿ ಆ ಕಾಯಿಲೆ ಹೇಗೆ ಬರುತ್ತೆ" ಅಂತ ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ.

ಮನೆಗೆ ಬಂದು 1911ರ ಜನಗಣತಿ ಹಾಳೆಗಳನ್ನು ತೆಗೆದು ಕೂತೆ. ಐರ್ಲೆಂಡಿನದು ಪೂರ್ತಿ ಆನ್‌ಲೈನ್‌ನಲ್ಲಿ ಉಚಿತವಾಗಿ ಸಿಗುತ್ತೆ, ಮನೆಯವರು ಕೈಯಲ್ಲಿ ತುಂಬಿದ ಹಾಳೆಯೇ ಕಾಣುತ್ತೆ. ಅದರಲ್ಲಿ ಮದುವೆಯಾದ ಹೆಂಗಸರಿಗೆ ಮೂರು ಕಾಲಂ ಇದೆ: ಮದುವೆಯಾಗಿ ಎಷ್ಟು ವರ್ಷ, ಜೀವಂತವಾಗಿ ಹುಟ್ಟಿದ ಮಕ್ಕಳು ಎಷ್ಟು, ಈಗ ಬದುಕಿರುವವರು ಎಷ್ಟು. ಹಾಳೆ ಮೇಲೆ ಹಾಳೆ ತಿರುವಿದೆ. ಕೊನೆ ಕಾಲಂನ ಅಂಕಿ ಅದರ ಪಕ್ಕದ್ದಕ್ಕಿಂತ ಸಣ್ಣದಾಗಿರುವ ಹಾಳೆಗಳೇ ಜಾಸ್ತಿ ಕಂಡವು. ನನಗೂ ಇಬ್ಬರು ಮಕ್ಕಳು. ರಾತ್ರಿ ಹನ್ನೆರಡಾದರೂ ಮುಚ್ಚೋಕೆ ಮನಸ್ಸು ಬರಲಿಲ್ಲ.

ನನ್ನ ಪ್ರಶ್ನೆ ಇದು. ಕ್ಷಯದ ರೋಗಾಣುವನ್ನು ರಾಬರ್ಟ್ ಕಾಖ್ 1882ರಲ್ಲೇ ಕಂಡುಹಿಡಿದಿದ್ದರು. ಆಮೇಲೂ 30 ವರ್ಷ ಇಲ್ಲಿ ಜನ ಹೀಗೆ ಸಾಯ್ತಾ ಇದ್ದರು ಅಂದರೆ ಸರ್ಕಾರ, ಡಾಕ್ಟರುಗಳು ಏನು ಮಾಡ್ತಿದ್ದರು? ಔಷಧಿ ಬರೋಕೆ ಮುಂಚೇನೇ ಕ್ಷಯ ಕಡಿಮೆ ಆಗ್ತಾ ಬಂತು ಅಂತಲೂ ಓದಿದ್ದೇನೆ. ಅದು ಹೇಗೆ? ಮತ್ತೆ ಅತ್ತೆಯ ಪ್ರಶ್ನೆಗೂ ಯಾರಾದರೂ ಉತ್ತರ ಕೊಡಿ.

ಎದೆಗೂಡು_ಮೈಸೂರು:

ವೀಣಾ ಅವರೇ, ನಾನು ಶ್ವಾಸಕೋಶದ ಡಾಕ್ಟರ್. ದಿನಾ ಕ್ಷಯ ನೋಡುವವನು. ಅತ್ತೆಯವರ ಪ್ರಶ್ನೆಯಿಂದಲೇ ಶುರು ಮಾಡ್ತೀನಿ, ಯಾಕಂದ್ರೆ ಅದು ಸರಿಯಾದ ಪ್ರಶ್ನೆ.

ಶ್ವಾಸಕೋಶದ ಕ್ಷಯ ಇರುವವರು ಕೆಮ್ಮಿದಾಗ ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳು ಗಾಳಿಗೆ ಸೇರುತ್ತವೆ. ಅವು ನೆಲಕ್ಕೆ ಬೀಳಲ್ಲ, ಗಂಟೆಗಟ್ಟಲೆ ತೇಲುತ್ತವೆ. ಎತ್ತರದ ಸೂರು, ದೊಡ್ಡ ಕಿಟಕಿ ಇದ್ದರೆ ಒಳ್ಳೇದೇ, ಆದರೆ ಕಿಟಕಿ ತೆಗೆದರೆ ಮಾತ್ರ. ಡಬ್ಲಿನ್ ಚಳಿಯಲ್ಲಿ ಯಾರು ತೆಗೀತಾರೆ? ಎತ್ತರದ ಕೋಣೆ ಬೆಚ್ಚಗಾಗೋಕೆ ಕಲ್ಲಿದ್ದಲು ಜಾಸ್ತಿ ಬೇಕು. ಬಡವರು ಕಲ್ಲಿದ್ದಲನ್ನು ಸ್ವಲ್ಪ ಸ್ವಲ್ಪವೇ ಕೊಳ್ಳುತ್ತಿದ್ದರು, ಹಾಗೆ ಕೊಂಡರೆ ಬೆಲೆಯೂ ಜಾಸ್ತಿ. ಹಾಗಾಗಿ ಇರೋ ಬಿಸಿ ಹೊರಗೆ ಹೋಗದ ಹಾಗೆ ಕಿಟಕಿ ಮುಚ್ಚಿ, ಒಡೆದ ಗಾಜಿಗೆ ಚಿಂದಿ ತುರುಕಿ, ಏಳೆಂಟು ಜನ ಬೆಂಕಿ ಸುತ್ತ ಕೂರೋದು, ಒಂದೇ ಹಾಸಿಗೆಯಲ್ಲಿ ಮೂರು ನಾಲ್ಕು ಮಕ್ಕಳು ಮಲಗೋದು. ಕೆಮ್ಮುವ ಅಣ್ಣ ಮತ್ತು ಪುಟ್ಟ ತಂಗಿಯ ಮುಖಗಳ ನಡುವೆ ಒಂದು ಗೇಣು ಜಾಗ. ಸೂರು ಎಷ್ಟೇ ಎತ್ತರ ಇರಲಿ, ಆ ಗೇಣು ಗೇಣೇ.

ಎರಡನೇ ವಿಷಯ. ರೋಗಾಣು ಒಳಗೆ ಹೋದವರಿಗೆಲ್ಲ ಕಾಯಿಲೆ ಬರಲ್ಲ. ನೂರು ಜನರ ಒಳಗೆ ಹೋದರೆ ಇಡೀ ಜೀವಮಾನದಲ್ಲಿ ಐದರಿಂದ ಹತ್ತು ಜನರಿಗೆ ಬರಬಹುದು. ಉಳಿದವರ ಮೈ ಅದನ್ನು ಕಟ್ಟಿಹಾಕುತ್ತೆ. ಆದರೆ ಮೈಯಲ್ಲಿ ಕಸುವಿಲ್ಲದಿದ್ದರೆ ಕಟ್ಟು ಬಿಚ್ಚಿಕೊಳ್ಳುತ್ತೆ. ಆಗಿನ ಡಬ್ಲಿನ್ ಕೂಲಿ ಸಂಸಾರದ ಊಟ ಏನು? ಬ್ರೆಡ್ಡು, ಟೀ. ಟೀ ಜೊತೆ ಮತ್ತೆ ಬ್ರೆಡ್ಡು. ಇರೋ ಚೂರು ಮಾಂಸ ದುಡಿಯೋ ಗಂಡಸಿಗೆ. ತಾಯಿ ಕೊನೆಗೆ ಉಳಿದದ್ದು ತಿನ್ನೋದು, ಇದು ನಮಗೂ ಗೊತ್ತಿರೋ ಕಥೆಯೇ. ಅದಕ್ಕೇ ಕ್ಷಯ ಮುದುಕರಿಗಿಂತ ಹದಿನೈದರಿಂದ ಮೂವತ್ತೈದರ ವಯಸ್ಸಿನವರನ್ನು ಜಾಸ್ತಿ ಹೊತ್ತೊಯ್ಯುತ್ತಿತ್ತು. ಮನೆ ನಡೆಸುವವರು ಹೋದರೆ ಸಂಸಾರ ಇನ್ನಷ್ಟು ಬಡವಾಗುತ್ತೆ, ಊಟ ಇನ್ನಷ್ಟು ಕಡಿಮೆ, ಮುಂದಿನ ಮಗುವಿನ ಸರದಿ.

ಮೂರನೇದು ಹಾಲು. ಆಗ ಡಬ್ಲಿನ್ ಊರೊಳಗೇ ದನದ ಕೊಟ್ಟಿಗೆಗಳಿದ್ದವು. ದನಕ್ಕೂ ಕ್ಷಯ ಬರುತ್ತೆ, ಹಸಿ ಹಾಲಿನಿಂದ ಮಕ್ಕಳಿಗೆ ದಾಟುತ್ತೆ. ಕತ್ತಿನ ಗಂಟು, ಮೂಳೆ, ಹೊಟ್ಟೆ ಕ್ಷಯ ಆಗ ಮಕ್ಕಳಲ್ಲಿ ಎಷ್ಟೋ ಇತ್ತು. 1901ರಲ್ಲಿ ಲಂಡನ್ನಿನ ಸಮ್ಮೇಳನದಲ್ಲಿ ಕಾಖ್ ಅವರೇ ಎದ್ದು ನಿಂತು ದನದ ಕ್ಷಯದಿಂದ ಮನುಷ್ಯರಿಗೆ ಅಷ್ಟೇನೂ ಅಪಾಯ ಇಲ್ಲ ಅಂದರು. ಅಷ್ಟು ದೊಡ್ಡವರು ಹೇಳಿದ ಮೇಲೆ ಮುಗೀತು ಅಂತ ಬ್ರಿಟಿಷರು ಸುಮ್ನೆ ಕೂರಲಿಲ್ಲ, ಅದು ಅವರ ಒಳ್ಳೆಯ ಕೆಲಸ. ರಾಯಲ್ ಕಮಿಷನ್ ಮಾಡಿ ಹತ್ತು ವರ್ಷ ಪರೀಕ್ಷೆ ನಡೆಸಿ, 1911ರಲ್ಲಿ ಅಪಾಯ ಇದೆ ಅಂತ ಖಚಿತ ಮಾಡಿದರು. ನಮ್ಮ ಮನೆಗಳಲ್ಲಿ ಹಾಲು ತಂದ ತಕ್ಷಣ ಉಕ್ಕಿಸುವ ಅಭ್ಯಾಸ ಇತ್ತಲ್ಲ, ಅದು ಎಷ್ಟು ಮಕ್ಕಳನ್ನು ಉಳಿಸಿದೆಯೋ.

ಹಳೇಕಾಗದ:

ಡಾಕ್ಟ್ರು ದೇಹದ ಕಡೆಯಿಂದ ಹೇಳಿದರು. ನಾನು ಊರಿನ ಕಡೆಯಿಂದ ಹೇಳ್ತೀನಿ. ಐರ್ಲೆಂಡ್ ಇತಿಹಾಸ ನನಗೆ ತುಂಬಾ ಇಷ್ಟದ ವಿಷಯ, ಬರೆಯೋಕೆ ಕೂತರೆ ಉದ್ದ ಆಗುತ್ತೆ.

ಆ ಬಂಗಲೆಗಳು ವಠಾರ ಆಗಿದ್ದು ಹೇಗೆ ಅಂತ ಮೊದಲು ನೋಡಬೇಕು. 1801ರಲ್ಲಿ ಐರ್ಲೆಂಡನ್ನು ಬ್ರಿಟನ್ನಿಗೆ ಸೇರಿಸಿಕೊಂಡರು, ಡಬ್ಲಿನ್ನಿನ ಪಾರ್ಲಿಮೆಂಟು ಮುಚ್ಚಿತು. ಶ್ರೀಮಂತರು ಒಬ್ಬೊಬ್ಬರಾಗಿ ಲಂಡನ್ನಿಗೆ ಹೊರಟರು. ಆಮೇಲೆ 1840ರ ದಶಕದ ಕ್ಷಾಮ, ಹಳ್ಳಿಯಿಂದ ಜನ ಊರಿಗೆ ಬಂದರು. ಬೆಲ್‌ಫಾಸ್ಟಿನಲ್ಲಿ ಹಡಗು ಕಟ್ಟೋದು, ನಾರುಬಟ್ಟೆ ಗಿರಣಿ ಎಲ್ಲ ಇತ್ತು. ಡಬ್ಲಿನ್‌ನಲ್ಲಿ ಅಷ್ಟು ಕೆಲಸ ಇರಲಿಲ್ಲ. ಬಂದರಿನಲ್ಲಿ ಮೂಟೆ ಹೊರೋದು, ಗಾಡಿ ಹೊಡೆಯೋದು, ಇವತ್ತು ಕೂಲಿ ಉಂಟು ನಾಳೆ ಇಲ್ಲ. ಇಂಥವರಿಗೆ ಬಾಡಿಗೆ ಕೊಡೋಕಾಗೋದು ಒಂದು ಕೋಣೆಗೆ ಮಾತ್ರ. ಖಾಲಿ ಬಂಗಲೆ ಕೊಂಡವರು ಕೋಣೆ ಕೋಣೆ ಬಾಡಿಗೆಗೆ ಬಿಟ್ಟರು. ಹಿತ್ತಲಲ್ಲಿ ಒಂದು ನಲ್ಲಿ, ಒಂದೋ ಎರಡೋ ಕಕ್ಕಸು. ಬೀದಿ ಬಾಗಿಲು ರಾತ್ರಿಯೂ ಹಾಕ್ತಿರಲಿಲ್ಲ, ಮನೆಯಿಲ್ಲದವರು ಮೆಟ್ಟಿಲ ಮೇಲೆ ಬಂದು ಮಲಗುತ್ತಿದ್ದರು.

1913ರ ಸೆಪ್ಟೆಂಬರ್ 2ರ ರಾತ್ರಿ ಚರ್ಚ್ ಸ್ಟ್ರೀಟ್‌ನಲ್ಲಿ ಇಂಥ ಎರಡು ಕಟ್ಟಡ ಕುಸಿದು ಬಿದ್ದವು. ಏಳು ಜನ ಸತ್ತರು. ಅದರಲ್ಲಿ ಒಬ್ಬ ಹುಡುಗನಿಗೆ ಹದಿನೇಳು ವರ್ಷ, ತಂಗಿಯನ್ನು ಉಳಿಸೋಕೆ ಹೋಗಿ ಸತ್ತ. ಆಗ ಎಲ್ಲರ ಕಣ್ಣು ತೆರೆಯಿತು, ಸರ್ಕಾರ ವಿಚಾರಣೆ ಮಾಡಿಸಿತು. 1914ರಲ್ಲಿ ವರದಿ ಬಂತು. 25,822 ಸಂಸಾರಗಳು ವಠಾರದ ಮನೆಗಳಲ್ಲಿ. ಅದರಲ್ಲಿ 20,108 ಸಂಸಾರಗಳಿಗೆ ಒಂದೇ ಕೋಣೆ. ಸುಮ್ನೆ ಓದಿಕೊಂಡು ಹೋಗಬೇಡಿ. ಇಪ್ಪತ್ತು ಸಾವಿರ ಒಲೆಗಳು, ಪ್ರತಿ ಒಲೆಯ ಸುತ್ತ ಒಂದೇ ಕೋಣೆಯಲ್ಲಿ ಅಡುಗೆ, ನಿದ್ದೆ, ಹೆರಿಗೆ, ಕಾಯಿಲೆ, ಸಾವು. ಯಾರಾದರೂ ಸತ್ತರೆ ಹೆಣವನ್ನು ಇಡೋಕೂ ಬೇರೆ ಜಾಗ ಇಲ್ಲ. ಮಣ್ಣು ಮಾಡುವ ತನಕ ಅದೇ ಕೋಣೆಯಲ್ಲಿ, ಮಕ್ಕಳು ಪಕ್ಕದಲ್ಲೇ ಮಲಗಬೇಕು. ಇನ್ನೊಂದು ಸಿಟ್ಟು ಬರಿಸುವ ಸಂಗತಿ ಏನಂದ್ರೆ, ನಗರಸಭೆಯ ಕೆಲವು ಸದಸ್ಯರೇ ಈ ವಠಾರಗಳ ಮಾಲೀಕರಾಗಿದ್ದರು. ಮನೆ ಕೆಟ್ಟಿದೆ ಅಂತ ನೋಟಿಸು ಕೊಡಬೇಕಾದವರೂ ಅವರೇ, ಬಾಡಿಗೆ ತಗೊಳ್ಳುವವರೂ ಅವರೇ.

ಇನ್ನು ಸರ್ಕಾರ ಏನು ಮಾಡ್ತಿತ್ತು ಅನ್ನೋದು. ಡಬ್ಲಿನ್ನಿನ ಆರೋಗ್ಯಾಧಿಕಾರಿ ಸರ್ ಚಾರ್ಲ್ಸ್ ಕ್ಯಾಮರಾನ್. ದಶಕಗಟ್ಟಲೆ ಆ ಕೆಲಸ ಮಾಡಿದವರು. ಬಡವರು ಏನು ತಿಂತಾರೆ, ಬಾಡಿಗೆ ಎಷ್ಟು, ಅಡವಿಡೋ ಅಂಗಡಿಗೆ ಏನೇನು ಒಯ್ಯುತ್ತಾರೆ ಅಂತ ವರ್ಷ ವರ್ಷ ಬರೆದಿಟ್ಟಿದ್ದಾರೆ. ನಮಗೆ ಇವತ್ತು ಇಷ್ಟು ಗೊತ್ತಿರೋದಕ್ಕೆ ಅವರೂ ಕಾರಣ. ಆದರೆ ಬರೆದಷ್ಟು ಕೆಲಸ ಆಗಲಿಲ್ಲ. ವಿಚಾರಣೆಯಲ್ಲಿ ಅವರ ಮೇಲೂ ದೂರು ಬಂತು. ಸದಸ್ಯರ ಕೆಟ್ಟ ಮನೆಗಳಿಗೂ ತೆರಿಗೆ ರಿಯಾಯಿತಿ ಸಿಕ್ಕಿದ್ದು ಹೊರಬಂತು. ನನ್ನ ಮಟ್ಟಿಗೆ ಅವರು ಕೆಟ್ಟವರಲ್ಲ, ಆದರೆ ತಮ್ಮ ಮೇಲಿನವರನ್ನು ಎದುರು ಹಾಕಿಕೊಳ್ಳಬೇಕಾದ ಹೊತ್ತಿನಲ್ಲಿ ಹಾಕಿಕೊಳ್ಳಲಿಲ್ಲ.

ಕ್ಷಯದ ವಿರುದ್ಧ ದೊಡ್ಡದಾಗಿ ಎದ್ದು ನಿಂತವರು ಒಬ್ಬ ಹೆಂಗಸು. ಐರ್ಲೆಂಡಿನ ಆಗಿನ ಬ್ರಿಟಿಷ್ ವೈಸರಾಯ್ ಹೆಂಡತಿ ಲೇಡಿ ಅಬರ್ಡೀನ್. 1907ರಲ್ಲಿ ಮಹಿಳೆಯರ ಆರೋಗ್ಯ ಸಂಘ ಕಟ್ಟಿದರು. ಅದೇ ವರ್ಷ ಕ್ಷಯದ ಬಗ್ಗೆ ಒಂದು ಪ್ರದರ್ಶನ ಮಾಡಿಸಿದರು, ಆಮೇಲೆ ಅದನ್ನು ಊರೂರಿಗೂ ಕಳಿಸಿದರು. ಗಾಜಿನ ಡಬ್ಬಿಯಲ್ಲಿ ರೋಗ ಹಿಡಿದ ಶ್ವಾಸಕೋಶ, ಒಳ್ಳೇ ಮನೆ ಕೆಟ್ಟ ಮನೆಯ ಮಾದರಿ, ಅಡುಗೆ ಮಾಡಿ ತೋರಿಸೋದು. ಜನ ಗುಂಪುಗುಂಪಾಗಿ ಬಂದರು. ಆರ್ಬರ್ ಹಿಲ್‌ನಲ್ಲಿ ಮಕ್ಕಳಿಗೆ ಪಾಶ್ಚರೀಕರಿಸಿದ ಹಾಲು ಕೊಡೋ ಕೇಂದ್ರ ತೆರೆದರು, ಯಂತ್ರ ಕೊಟ್ಟಿದ್ದು ನ್ಯೂಯಾರ್ಕಿನ ವ್ಯಾಪಾರಿ ನೇಥನ್ ಸ್ಟ್ರಾಸ್. 1912ರಲ್ಲಿ ಊರಾಚೆ ಪೀಮೌಂಟ್ ಸ್ಯಾನಟೋರಿಯಂ, ಅಂದ್ರೆ ಕ್ಷಯ ರೋಗಿಗಳನ್ನು ಇಟ್ಟುಕೊಳ್ಳುವ ಆಸ್ಪತ್ರೆ, ಶುರುವಾಯ್ತು.

ಇಷ್ಟಕ್ಕೂ ಆಕೆಗೆ ಸಿಕ್ಕ ಹೆಸರೇನು ಗೊತ್ತಾ? ಲೇಡಿ ಮೈಕ್ರೋಬ್. ಅಂದ್ರೆ ಕ್ರಿಮಿ ದೊರೆಸಾನಿ. ರಾಷ್ಟ್ರೀಯವಾದಿಗಳಿಗೆ ಆಕೆ ಬ್ರಿಟಿಷ್ ಅಧಿಕಾರದ ಮುಖ. ನಮ್ಮ ದೇಶದಲ್ಲಿ ಕ್ಷಯ ಇದೆ ಅಂತ ಇಷ್ಟು ಜೋರಾಗಿ ಕೂಗಿದರೆ ಐರಿಶ್ ಸಾಮಾನು ಯಾರು ಕೊಳ್ತಾರೆ, ಐರಿಶ್ ಹುಡುಗೀರಿಗೆ ಹೊರಗೆ ಯಾರು ಕೆಲಸ ಕೊಡ್ತಾರೆ ಅಂತ ಸಿಟ್ಟು. ಆ ಸಿಟ್ಟಿನಲ್ಲಿ ಅರ್ಥ ಇಲ್ಲ ಅಂತ ನಾನು ಹೇಳಲ್ಲ. ಕಾಯಿಲೆ ತಂದ ಬಡತನಕ್ಕೆ ಕಾರಣರಾದವರೇ ಬಂದು ಕಿಟಕಿ ತೆಗೀರಿ, ಉಗುಳಬೇಡಿ ಅಂತ ಪಾಠ ಹೇಳಿದರೆ ಯಾರಿಗಾದರೂ ಉರಿಯುತ್ತೆ, ಅಲ್ವಾ? ಆದರೆ ಮಕ್ಕಳು ಸಾಯ್ತಾ ಇದ್ದದ್ದೂ ನಿಜ. ಇಡೀ ಐರ್ಲೆಂಡಿನಲ್ಲಿ 1904ರಲ್ಲಿ ಒಂದೇ ವರ್ಷ 12 ಸಾವಿರಕ್ಕೂ ಜಾಸ್ತಿ ಜನ ಕ್ಷಯದಿಂದ ಸತ್ತರು.

ವೀಣಾ_ಡಬ್ಲಿನ್:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಆ ಒಂದು ಗೇಣಿನ ಮಾತನ್ನು ಅತ್ತೆಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

ಒಂದು ಗೊಂದಲ. ಯಾರಿಗೆ ಕ್ಷಯ ಇದೆ ಅಂತ ಪಟ್ಟಿ ಮಾಡೋದೇ ಮೊದಲ ಕೆಲಸ ಅಲ್ವಾ? ಅದು ಯಾಕೆ ತಡ ಆಯ್ತು? ಮತ್ತೆ ಕಡಿಮೆ ಆಗಿದ್ದು ಹೇಗೆ ಅನ್ನೋ ಪ್ರಶ್ನೆ ಹಾಗೇ ಉಳೀತು.

ಹಳೇಕಾಗದ:

ಪಟ್ಟಿ ಮಾಡೋದು ಸುಲಭ ಇರಲಿಲ್ಲ. ಕಾಲರಾ, ಸಿಡುಬು ಆದರೆ ಕೆಲವು ವಾರದಲ್ಲಿ ಮುಗಿಯುತ್ತೆ. ಕ್ಷಯ ವರ್ಷಗಟ್ಟಲೆ ಇರುತ್ತೆ. ಹೆಸರು ಬರೆಸಿದರೆ ಕೆಲಸ ಹೋಗುತ್ತೆ, ಕೋಣೆ ಬಿಡಿಸ್ತಾರೆ, ತಂಗಿಗೆ ಗಂಡು ಸಿಗಲ್ಲ. ಐರ್ಲೆಂಡಿನಲ್ಲಿ ಜನ ಕ್ಷಯ ಅನ್ನೋ ಪದವನ್ನೇ ಆಡ್ತಿರಲಿಲ್ಲ, "ಅವಳು ಸ್ವಲ್ಪ ನಾಜೂಕು" ಅಂತಿದ್ದರು. ಸಾವಿನ ಕಾರಣ ಬರೆಯುವಾಗಲೂ ಬೇರೇನೋ ಬರೆದುಕೊಡಿ ಅಂತ ಡಾಕ್ಟರನ್ನು ಬೇಡೋದು ಇತ್ತು.

ಡಾಕ್ಟರುಗಳು ಕ್ಷಯದ ಪ್ರಕರಣ ತಿಳಿಸಲೇಬೇಕು ಅಂತ ಇಂಗ್ಲೆಂಡಿನ ಶೆಫೀಲ್ಡ್ ಊರು 1903ರಲ್ಲೇ ಕಡ್ಡಾಯ ಮಾಡಿತು. ಇಡೀ ಇಂಗ್ಲೆಂಡಿಗೆ ಶ್ವಾಸಕೋಶದ ಕ್ಷಯದ ಎಲ್ಲ ಪ್ರಕರಣಕ್ಕೂ ಕಡ್ಡಾಯ ಆಗಿದ್ದು 1912ರ ಜನವರಿಯಲ್ಲಿ. ಐರ್ಲೆಂಡಿಗೆ 1908ರಲ್ಲಿ ಒಂದು ಕಾನೂನು ಬಂತು, ಆದರೆ ಅದನ್ನು ಜಾರಿ ಮಾಡೋದು ಬಿಡೋದು ಹೆಚ್ಚಾಗಿ ಆಯಾ ಊರಿನ ಆಡಳಿತಕ್ಕೆ ಬಿಟ್ಟಿತ್ತು. 1911ರ ವಿಮಾ ಕಾನೂನು ಬಂದಾಗ ಸ್ಯಾನಟೋರಿಯಂ ಸೌಲಭ್ಯ ಐರ್ಲೆಂಡಿಗೂ ಸಿಕ್ಕಿತು. ಆದರೆ ಸಾಮಾನ್ಯ ಡಾಕ್ಟರ್ ಖರ್ಚು ಭರಿಸುವ ಭಾಗ ಇಲ್ಲಿಗೆ ಬರಲಿಲ್ಲ. ಅಂದ್ರೆ ಕಾಯಿಲೆ ಶುರುವಿನಲ್ಲಿ ಡಾಕ್ಟರ ಹತ್ತಿರ ಹೋಗೋಕೆ ಕಾಸಿಲ್ಲ, ಬಲಿತ ಮೇಲೆ ಆಸ್ಪತ್ರೆಗೆ ಹೋಗಬಹುದು.

ಸರಿಯಾದ ದಾರಿ ತೋರಿಸಿದ್ದು ಎಡಿನ್‌ಬರೋ. ಅಲ್ಲಿ ರಾಬರ್ಟ್ ಫಿಲಿಪ್ ಅನ್ನೋ ಡಾಕ್ಟರು 1887ರಲ್ಲೇ ಕ್ಷಯಕ್ಕೆ ಅಂತಲೇ ಒಂದು ಸಣ್ಣ ಚಿಕಿತ್ಸಾಲಯ ತೆರೆದರು. ಅವರ ಯೋಚನೆ ಸರಳ. ರೋಗಿ ಬಂದರೆ ಅವನೊಬ್ಬನನ್ನೇ ನೋಡಿ ಕಳಿಸಬೇಡಿ, ಅವನ ಮನೆಗೆ ಹೋಗಿ. ಅವನ ಜೊತೆ ಯಾರು ಮಲಗ್ತಾರೆ, ಏನು ತಿಂತಾರೆ, ಇನ್ಯಾರು ಕೆಮ್ಮುತ್ತಾರೆ ನೋಡಿ. ಆ ಮಾದರಿ ನಿಧಾನವಾಗಿ ಬೇರೆ ಊರುಗಳಿಗೂ ಹರಡಿತು.

ಗಿರಿಜಾ_ಕೆ:

ಕಡಿಮೆ ಆಗಿದ್ದರ ಬಗ್ಗೆ ನನ್ನ ಅಭಿಪ್ರಾಯ ಬೇರೆ. ಎಲ್ಲರೂ ಊಟ ಊಟ ಅಂತಾರೆ. 1976ರಲ್ಲಿ ಥಾಮಸ್ ಮೆಕ್ಯೋನ್ ಅನ್ನೋವರು ಔಷಧಿ ಬರೋ ಮುಂಚೆಯೇ ಕ್ಷಯ ಇಳೀತು, ಕಾರಣ ಒಳ್ಳೇ ಊಟ ಅಂತ ವಾದ ಮಾಡಿದರು. ಅದು ಎಲ್ಲ ಕಡೆ ಹರಡಿತು. ಆದರೆ ಐರ್ಲೆಂಡ್ ನೋಡಿ. ಕ್ಷಾಮ ಮುಗಿದ ಮೇಲೆ ಐವತ್ತು ವರ್ಷದಲ್ಲಿ ಅಲ್ಲಿ ಕೂಲಿ ಏರಿತು, ಊಟ ಸುಧಾರಿಸಿತು. ಇಂಗ್ಲೆಂಡ್, ಸ್ಕಾಟ್‌ಲೆಂಡ್‌ನಲ್ಲಿ ಕ್ಷಯದ ಸಾವು ಅಷ್ಟರಲ್ಲಿ ಇಳಿಯೋಕೆ ಶುರುವಾಗಿತ್ತು. ಐರ್ಲೆಂಡಿನಲ್ಲಿ ಮಾತ್ರ 1904ರ ತನಕ ಏರ್ತಾನೇ ಇತ್ತು. ಊಟ ಒಂದೇ ಕಾರಣ ಆಗಿದ್ದರೆ ಹೀಗೆ ಆಗ್ತಿರಲಿಲ್ಲ. ಹಳ್ಳಿ ಹುಡುಗರು ಊರಿಗೆ ಹೋಗಿ, ಅಮೆರಿಕಕ್ಕೆ ಹೋಗಿ, ಕಾಯಿಲೆ ಹತ್ತಿಸಿಕೊಂಡು ಸಾಯೋಕೆ ಅಂತ ಅಮ್ಮನ ಮನೆಗೇ ವಾಪಸ್ ಬರ್ತಿದ್ದರು. ಜೊತೆಗೆ ಕಾಯಿಲೆಯೂ ಬರ್ತಿತ್ತು.

ಆರ್ಥರ್ ನ್ಯೂಸ್‌ಹೋಮ್ ಅಂತ ಬ್ರೈಟನ್ನಿನ ಆರೋಗ್ಯಾಧಿಕಾರಿ ಇದ್ದರು. ಅವರು ಆ ಕಾಲದಲ್ಲೇ ಹೇಳಿದ್ದು ಏನಂದ್ರೆ, ಇಂಗ್ಲೆಂಡಿನಲ್ಲಿ ಬಡ ಕ್ಷಯ ರೋಗಿಗಳು ಕೊನೆ ದಿನಗಳನ್ನು ಬಡವರ ಆಸ್ಪತ್ರೆಗಳಲ್ಲಿ ಕಳೀತಾರೆ, ಮನೆಯವರಿಂದ ದೂರ. ಅದಕ್ಕೇ ಹರಡೋದು ಕಡಿಮೆ ಆಯ್ತು. ಐರ್ಲೆಂಡಿನಲ್ಲಿ ಮನೆಯಲ್ಲೇ ಸಾಯ್ತಿದ್ದರು. ಪ್ರೀತಿ ಇದ್ದದ್ದಕ್ಕೇ ಹರಡಿತು ಅಂತ ಹೇಳೋಕೆ ನನಗೆ ಕಷ್ಟ ಆಗುತ್ತೆ, ಆದರೆ ನಿಜ ಅದೇ ಇರಬಹುದು.

ಎದೆಗೂಡು_ಮೈಸೂರು:

ಗಿರಿಜಾ ಮೇಡಂ, ನೀವು ಹೇಳಿದ್ದರಲ್ಲಿ ಅರ್ಧ ಒಪ್ಪುತ್ತೇನೆ. ರೋಗಾಣು ಬಾರದೆ ಕ್ಷಯ ಬರಲ್ಲ. ಹರಡೋದನ್ನು ತಡೆಯಲೇಬೇಕು. ಆದರೆ ಊಟವನ್ನು ಪಕ್ಕಕ್ಕೆ ಸರಿಸಬೇಡಿ. ನೂರು ವರ್ಷ ಜನ ಈ ಬಗ್ಗೆ ವಾದ ಮಾಡಿದರು, ಸರಿಯಾಗಿ ಪರೀಕ್ಷೆ ಮಾಡಿ ನೋಡಿದ್ದು ನಮ್ಮವರೇ.

ಮಂಗಳೂರಿನ ಯೆನೆಪೋಯ ಮೆಡಿಕಲ್ ಕಾಲೇಜಿನ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ಮತ್ತು ಅವರ ಜೊತೆಯವರು 2019ರಿಂದ ಜಾರ್ಖಂಡ್‌ನಲ್ಲಿ ಒಂದು ದೊಡ್ಡ ಅಧ್ಯಯನ ಮಾಡಿದರು. 2,800 ಕ್ಷಯ ರೋಗಿಗಳು, ಅವರ ಮನೆಗಳಲ್ಲಿ ಇರುವ ಹತ್ತು ಸಾವಿರಕ್ಕೂ ಜಾಸ್ತಿ ಜನ. ರೋಗಿಗಳಿಗೆಲ್ಲ ಮಾತ್ರೆ ಜೊತೆ ಆಹಾರದ ಚೀಲ ಕೊಟ್ಟರು. ಆದರೆ ಅರ್ಧ ಕಡೆ ಮನೆಯವರಿಗೂ ತಿಂಗಳು ತಿಂಗಳು ಅಕ್ಕಿ, ಬೇಳೆ, ವಿಟಮಿನ್ ಮಾತ್ರೆ ಕೊಟ್ಟರು. ಅಷ್ಟೇ. ಬೇರೆ ಏನೂ ಇಲ್ಲ. 2023ರಲ್ಲಿ ಫಲಿತಾಂಶ ಬಂತು. ರೇಷನ್ ಸಿಕ್ಕ ಮನೆಗಳಲ್ಲಿ ಹೊಸದಾಗಿ ಕ್ಷಯ ಬರೋದು ಶೇಕಡಾ 39ರಷ್ಟು ಕಡಿಮೆ. ಹರಡುವಂಥ ಶ್ವಾಸಕೋಶದ ಕ್ಷಯ ಇನ್ನೂ ಕಡಿಮೆ, ಶೇಕಡಾ 48. ಅದನ್ನು ಓದಿದ ದಿನ ನಾನು ಒಪಿಡಿಯಲ್ಲಿ ಕೂತಿದ್ದೆ. ಎದುರಿಗೆ ಇದ್ದ ಹುಡುಗಿಯ ತೂಕ 34 ಕೆಜಿ. ನಾನು ಬರೆದುಕೊಟ್ಟಿದ್ದು ಬರೀ ಮಾತ್ರೆ.

ಇಂಗ್ಲೆಂಡಿನಲ್ಲೇ ಇದಕ್ಕೆ ಹಳೇ ಸಾಕ್ಷಿ ಇದೆ. 1918ರಲ್ಲಿ ಕೇಂಬ್ರಿಜ್ ಹತ್ತಿರ ಪ್ಯಾಪ್‌ವರ್ತ್ ಅಂತ ಒಂದು ಹಳ್ಳಿಯನ್ನೇ ಕ್ಷಯ ರೋಗಿಗಳಿಗೆ ಮಾಡಿದರು. ಅಲ್ಲಿ ರೋಗಿ ಸಂಸಾರ ಸಮೇತ ಇರಬಹುದಿತ್ತು. ಮನೆ, ಮೈಗೆ ತಕ್ಕ ಕೆಲಸ, ಸಂಬಳ, ಹೊಟ್ಟೆ ತುಂಬಾ ಊಟ. ರೋಗಿಯ ಜೊತೆ ಒಂದೇ ಮನೆಯಲ್ಲಿ ಬೆಳೆದ ಮಕ್ಕಳು ಚೆನ್ನಾಗಿಯೇ ಬೆಳೆದರು. ಒಂದೇ ಮನೆ, ಒಂದೇ ಕೆಮ್ಮು. ಬೇರೆ ಆಗಿದ್ದು ತಟ್ಟೆ ಮತ್ತು ಕಿಟಕಿ.

ಹಾಗಾಗಿ ಹೆನ್ರಿಯೆಟ್ಟಾ ಬೀದಿಗೆ ನನ್ನ ಉತ್ತರ: ಕೋಣೆ ರೋಗಾಣುವನ್ನು ಕೊಟ್ಟಿತು, ಹಸಿವು ಅದನ್ನು ಕಾಯಿಲೆ ಮಾಡಿತು. ಎರಡಕ್ಕೂ ಮೂಲ ಆ ಕೂಲಿ.

ಹಳೇಕಾಗದ:

ಒಂದು ಸೇರಿಸ್ತೀನಿ. ಡಬ್ಲಿನ್‌ನಲ್ಲಿ 1904ರ ನಂತರ ಇಳಿಯೋಕೆ ಶುರುವಾದದ್ದು ಮೊದಲ ಮಹಾಯುದ್ಧದಲ್ಲಿ ಮತ್ತೆ ತಡವರಿಸಿತು. ನಿಜವಾಗಿ ಇಳಿದದ್ದು ಬಹಳ ತಡವಾಗಿ. ಡಾ. ಡೊರೊಥಿ ಪ್ರೈಸ್ ಅನ್ನೋ ವೈದ್ಯೆ ಬಿಸಿಜಿ ಲಸಿಕೆಯನ್ನು ಅಲ್ಲಿಗೆ ತಂದದ್ದು 1937ರಲ್ಲಿ. 1948ರಲ್ಲಿ ನೋಯೆಲ್ ಬ್ರೌನ್ ಆರೋಗ್ಯ ಮಂತ್ರಿ ಆದರು. ಅವರ ಅಪ್ಪ, ಅಮ್ಮ, ಒಡಹುಟ್ಟಿದವರು ಕ್ಷಯಕ್ಕೆ ಹೋದವರು, ಅವರಿಗೂ ಬಂದಿತ್ತು. ಆ ಮನುಷ್ಯ ನಿದ್ದೆ ಬಿಟ್ಟು ಕ್ಷಯ ರೋಗಿಗಳಿಗೆ ಆಸ್ಪತ್ರೆ ಹಾಸಿಗೆಗಳನ್ನು ಮಾಡಿಸಿದರು. ಅಷ್ಟು ಹೊತ್ತಿಗೆ ಸ್ಟ್ರೆಪ್ಟೋಮೈಸಿನ್ ಅನ್ನೋ ಕ್ಷಯದ ಔಷಧಿ ಬಂದಿತ್ತು. ವಠಾರದ ಜನರನ್ನು ಊರಾಚೆಯ ಹೊಸ ಮನೆಗಳಿಗೆ ಕಳಿಸೋದೂ ನಡೀತಿತ್ತು. ಆದರೂ 14ನೇ ನಂಬರ್ ಮನೆಯಿಂದ ಕೊನೆಯ ಸಂಸಾರ ಹೋದದ್ದು 1970ರ ದಶಕದಲ್ಲಿ.

ನಿವೃತ್ತ_ತುಮಕೂರು:

ಎಲ್ಲರಿಗೂ ನಮಸ್ಕಾರ. ನಾನು 34 ವರ್ಷ ಆರೋಗ್ಯ ಸಹಾಯಕನಾಗಿ ಕೆಲಸ ಮಾಡಿ ರಿಟೈರ್ ಆದವನು. ಎಡಿನ್‌ಬರೋ ಡಾಕ್ಟರು 1887ರಲ್ಲೇ ಮನೆಗೆ ಹೋಗಿ ನೋಡಿ ಅಂದರು ಅಂತ ಓದಿ ತುಂಬಾ ಸಂತೋಷ ಆಯ್ತು. ನಾವು ಸೈಕಲ್ಲಿನಲ್ಲಿ ಮಾಡಿದ್ದೂ ಅದೇ.

ಪಟ್ಟಿ ವಿಷಯಕ್ಕೆ ಬಂದರೆ, ಇಂಗ್ಲೆಂಡಿನಲ್ಲಿ 1912, ನಮ್ಮಲ್ಲಿ ಖಾಸಗಿ ಡಾಕ್ಟರೂ ಕ್ಷಯದ ಪ್ರಕರಣ ತಿಳಿಸಲೇಬೇಕು ಅಂತ ಆದೇಶ ಬಂದದ್ದು 2012. ಸರಿಯಾಗಿ ನೂರು ವರ್ಷ. ಆದರೆ ಒಂದು ವಿಷಯದಲ್ಲಿ ನಾವು ಅವರಿಗೇ ಪಾಠ ಹೇಳಿದೆವು. ಸ್ಯಾನಟೋರಿಯಂ ಬೇಡ, ರೋಗಿ ಮನೆಯಲ್ಲೇ ಮಾತ್ರೆ ತಗೊಂಡರೂ ಅಷ್ಟೇ ಚೆನ್ನಾಗಿ ಗುಣ ಆಗ್ತಾನೆ, ಮನೆಯವರಿಗೂ ಅಪಾಯ ಜಾಸ್ತಿ ಆಗಲ್ಲ ಅಂತ 1950ರ ದಶಕದ ಕೊನೆಯಲ್ಲಿ ಮದ್ರಾಸಿನಲ್ಲಿ ತೋರಿಸಿದರು. ಬ್ರಿಟಿಷ್ ಸಂಶೋಧಕರೂ ಜೊತೆಗಿದ್ದರು. ಅದೇ 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯ ಸಂಸ್ಥೆ ಶುರುವಾಯ್ತು. ಅವರು ನಮ್ಮ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲೇ ಸುತ್ತಿ, ಕಾಯಿಲೆ ಇರುವವರು ತಾವಾಗಿಯೇ ಆಸ್ಪತ್ರೆ ಬಾಗಿಲಿಗೆ ಬರ್ತಾರೆ, ನಾವು ಕೆಮ್ಮಿನ ಔಷಧಿ ಕೊಟ್ಟು ವಾಪಸ್ ಕಳಿಸ್ತೀವಿ ಅಂತ ಕಂಡುಕೊಂಡರು. ಜನ ದಡ್ಡರು ಅನ್ನೋ ಮಾತು ಅಲ್ಲಿಗೆ ಸುಳ್ಳಾಯ್ತು.

ಬಚ್ಚಿಡೋದು ಮಾತ್ರ ಡಬ್ಲಿನ್ನಿನ ಹಾಗೇ. ಒಂದು ಮನೆ ಹೇಳ್ತೀನಿ. ಹುಡುಗಿಗೆ ಕಫ ಪರೀಕ್ಷೆಯಲ್ಲಿ ಕ್ಷಯ ಬಂದಿತ್ತು. ಮದುವೆ ಗೊತ್ತಾಗಿತ್ತು. ನಾನು ಮನೆಗೆ ಹೋದಾಗಲೆಲ್ಲ ಅವಳ ತಾಯಿ ಬಾಗಿಲಲ್ಲೇ ನಿಲ್ಲಿಸಿ, "ಅಣ್ಣಾ, ಸೈಕಲ್ಲು ಆ ಕಡೆ ಬೀದೀಲಿ ನಿಲ್ಲಿಸಿ ಬನ್ನಿ" ಅನ್ನೋರು. ಮಾತ್ರೆಗಳನ್ನು ರಾಗಿ ಡಬ್ಬದೊಳಗೆ ಹೂತಿಡುತ್ತಿದ್ದರು. ನಾನು ಸೈಕಲ್ಲು ಬೇರೆ ಬೀದಿಯಲ್ಲಿ ನಿಲ್ಲಿಸಿ ಆರು ತಿಂಗಳು ಹೋದೆ. ಅವಳು ಗುಣ ಆದಳು. ಮದುವೆಗೆ ನನ್ನನ್ನು ಕರೆಯಲಿಲ್ಲ, ಕರೆದರೆ ಜನ ಕೇಳ್ತಾರಲ್ಲ. ನನಗೆ ಬೇಜಾರಿಲ್ಲ.

ವೀಣಾ_ಡಬ್ಲಿನ್:

ನಿವೃತ್ತ ಸರ್, ನಿಮ್ಮ ಬರಹವನ್ನು ಅತ್ತೆಗೆ ಓದಿದೆ. ರಾಗಿ ಡಬ್ಬದ ಮಾತು ಬಂದಾಗ ಅವರು ಇದ್ದಕ್ಕಿದ್ದ ಹಾಗೆ ಹೇಳಿದರು, ನಮ್ಮ ಮಾವನ ಅಕ್ಕನಿಗೂ ಇತ್ತಂತೆ. ನಾನು ಮದುವೆಯಾಗಿ ಹದಿಮೂರು ವರ್ಷ, ಒಂದು ದಿನವೂ ಕೇಳಿರಲಿಲ್ಲ. ಹೊಸದಾಗಿ ಮದುವೆಯಾಗಿ ಬಂದಾಗ ಹಿತ್ತಲ ಕೋಣೆಯ ಕಿಟಕಿ ಮೇಲೆ ಒಂದು ಹಿತ್ತಾಳೆ ಲೋಟ, ಒಂದು ತಟ್ಟೆ ಬೇರೆಯಾಗಿ ಇರ್ತಿತ್ತಂತೆ. ಅದನ್ನು ಮುಟ್ಟಬೇಡ ಅಂತ ಮಾತ್ರ ಹೇಳಿದ್ದರಂತೆ, ಯಾಕೆ ಅಂತ ಹೇಳಿರಲಿಲ್ಲ. ಆ ಅಕ್ಕ ಬಾಗಿಲ ಸಂದಿಯಿಂದ ಇವರನ್ನು ನೋಡಿ ನಗ್ತಿದ್ದರಂತೆ. ಹೆಸರು ಕೇಳಿದೆ. ಸ್ವಲ್ಪ ಹೊತ್ತು ಯೋಚನೆ ಮಾಡಿ ಹೇಳಿದರು.

ಡಾಕ್ಟ್ರೇ, ಅತ್ತೆ ಇನ್ನೊಂದು ಕೇಳ್ತಿದ್ದಾರೆ. ಲೋಟ ತಟ್ಟೆ ಬೇರೆ ಇಡಬೇಕಿತ್ತಾ?

ಎದೆಗೂಡು_ಮೈಸೂರು:

ಬೇಕಿರಲಿಲ್ಲ. ಲೋಟ ತಟ್ಟೆಯಿಂದ ಕ್ಷಯ ಹರಡಲ್ಲ, ಬಟ್ಟೆಯಿಂದಲೂ ಅಲ್ಲ. ಅದಕ್ಕಿಂತ ಆ ಹಿತ್ತಲ ಕೋಣೆಯ ಕಿಟಕಿ ತೆಗೆದಿಡೋದು ಮುಖ್ಯ ಆಗಿತ್ತು. ಆದರೆ ಆಗ ಮನೆಯವರಿಗೆ ಅದನ್ನು ಯಾರೂ ಕೂರಿಸಿ ಹೇಳಿರೋದಿಲ್ಲ, ಅವರದು ತಪ್ಪಲ್ಲ ಅಂತ ಅತ್ತೆಯವರಿಗೆ ಹೇಳಿ.

ವೀಣಾ_ಡಬ್ಲಿನ್:

ಹೇಳಿದೆ ಡಾಕ್ಟ್ರೇ. ಈ ಶನಿವಾರ ಚರ್ಚ್ ಸ್ಟ್ರೀಟ್ ಕಡೆ ಹೋಗೋಣ, ಆ ಹುಡುಗ ಸತ್ತ ಜಾಗ ನೋಡಬೇಕು ಅಂತಿದ್ದಾರೆ. ಬೇರೆ ಯಾರಿಗಾದರೂ ಹೆನ್ರಿಯೆಟ್ಟಾ ಬೀದಿಯ ಜನಗಣತಿ ಹಾಳೆ ನೋಡಬೇಕು ಅಂದರೆ, 1911, ಡಬ್ಲಿನ್, ಇನ್ಸ್ ಕ್ವೇ ಅಂತ ಹುಡುಕಿ, ಬೀದಿಗಳ ಪಟ್ಟಿ ಬರುತ್ತೆ.